ಅಕ್ಕನ ಕಾಯಿಲೆ

ಬಿಳಿ ಅಂಗಿಯ ಭುಜಕ್ಕೆ ನೂಬಿಯಾ ಎರಡನೆಯ ಚಿನ್ನದ ಪಟ್ಟಿ ಹೊಲಿಯುತ್ತಿದ್ದಳು. ಎಲ್ಕಿನ್ ಅಂಗಿಯೊಳಗೇ ನಿಂತಿದ್ದ. ಬಿಚ್ಚಿ ಕೊಡುತ್ತೇನೆಂದರೆ ಅವಳು ಕೇಳಲಿಲ್ಲ, ಮೈಮೇಲಿದ್ದರೇ ಪಟ್ಟಿ ನೆಟ್ಟಗೆ ಕೂರುವುದು ಅಂದಳು. ಸೂಜಿ ಕತ್ತಿನ ಹತ್ತಿರ ಬಂದಾಗಲೆಲ್ಲ ಅವಳ ಉಸಿರು ಕಿವಿಗೆ ತಾಗುತ್ತಿತ್ತು. "ಅಲ್ಲಾಡಬೇಡ" ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಕೆಲವು ವಾರಗಳಿಂದ ಹೀಗೇ ಆಗಿತ್ತು. ಅಲ್ಲಾಡು, ಬೀಳು, ನಡುಗು, ತಲೆಸುತ್ತು, ಇಂಥ ದಿನಬಳಕೆಯ ಮಾತುಗಳೆಲ್ಲ ಒಡೆದ ಲೋಟದ ಚೂರುಗಳ ಹಾಗೆ ಮನೆಯ ತುಂಬ ಬಿದ್ದುಕೊಂಡಿದ್ದವು. ಅಕ್ಕ ತಮ್ಮ ಇಬ್ಬರೂ ಹೆಜ್ಜೆ ಎತ್ತಿಟ್ಟು ಓಡಾಡುತ್ತಿದ್ದರು. ಈ ಹೊತ್ತಿಗೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗದ್ದಲ ಇರಬೇಕಿತ್ತು. ಓಣಿಯ ಹೆಂಗಸರು ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ನೂಬಿಯಾಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಆ ಮಕ್ಕಳಿಗೆಂದು ಸರ್ಕಾರದ ಆಫೀಸಿನಿಂದ ಹಾಲಿನ ಪುಡಿ, ಜೋಳದ ಹಿಟ್ಟು, ಬಣ್ಣದ ಪುಟ್ಟ ಕುರ್ಚಿಗಳು ಬರುತ್ತಿದ್ದವು. ಈಗ ಆ ಕುರ್ಚಿಗಳು ಒಂದರೊಳಗೊಂದು ಕೂತು ಮೂಲೆ ಸೇರಿದ್ದವು. ಉಳಿದದ್ದು ಒಂದೇ ಮಗು. ಹಣ್ಣು ಮಾರುವ ಯೊಲಿಮಾಳ ಮಗಳು ದಾನ್ನಾ ಮೇಜಿನ ಕೆಳಗೆ ಕೂತು ಬಾಟಲಿಯ ಮುಚ್ಚಳವೊಂದನ್ನು ಉರುಳಿಸುತ್ತ, ಅದು ನಿಂತಾಗಲೆಲ್ಲ ಗಂಭೀರವಾಗಿ ಅದನ್ನು ಬೈಯುತ್ತಿದ್ದಳು.

ಕನ್ನಡಿಯಲ್ಲಿ ಕಂಡವನು ಪೈಲಟ್ಟಿನ ಹಾಗೇ ಇದ್ದ. ಎಲ್ಕಿನ್‌ಗೆ ಆಶ್ಚರ್ಯವಾದದ್ದು ಅದೇ. ಬರುವ ಸೋಮವಾರದಿಂದ ಅವನು ತಮ್ಮೂರು ವಿಲ್ಯಾವಿಸೆನ್ಸಿಯೋದಿಂದ ಬಯಲಿನೊಳಗಿನ ಊರುಗಳಿಗೆ ಜನರನ್ನೂ ಕೋಳಿಮರಿಗಳ ಪೆಟ್ಟಿಗೆಗಳನ್ನೂ ಒಟ್ಟಿಗೇ ಸಾಗಿಸುವ ಒಂದು ಸಣ್ಣ ಕಂಪನಿಯ ಸಹ ಪೈಲಟ್. ಮಳೆಗಾಲದಲ್ಲಿ ಆ ಊರುಗಳಿಗೆ ಬೇರೆ ದಾರಿಯಿಲ್ಲ. ಬಾಣಂತಿಯರು, ಮೇಷ್ಟರುಗಳು, ಹಲ್ಲುನೋವಿನವರು, ಹೆಣ ತರುವವರು, ಎಲ್ಲರೂ ಅವನ ಬೆನ್ನ ಹಿಂದೆ ಕೂರುತ್ತಾರೆ. ಈ ಮೈ ಹಾರಾಟಕ್ಕೆ ಲಾಯಕ್ಕಾದದ್ದು ಎಂದು ರಾಜಧಾನಿ ಬೊಗೊಟಾದಲ್ಲಿ ತೀರ್ಮಾನವಾಗಿತ್ತು. ಅಲ್ಲಿ ಕಣ್ಣು, ಕಿವಿ, ಎದೆ, ರಕ್ತ, ಮೂತ್ರ ಒಂದೊಂದನ್ನೂ ಬೇರೆ ಬೇರೆ ಕೋಣೆಗೆ ಒಯ್ದು ಬೇರೆ ಬೇರೆ ಜನ ವಿಚಾರಿಸಿಕೊಂಡಿದ್ದರು. ಚಡ್ಡಿಯಲ್ಲಿ ನಿಂತು ಚಳಿಗೆ ಮುದುಡಿಕೊಂಡಿದ್ದಾಗ ಡಾಕ್ಟರು ತಲೆ ಎತ್ತದೆ, ಸಿಗರೇಟು ಸೇದುತ್ತೀಯಾ ಎಂದು ಕೇಳಿದ ದನಿಯಲ್ಲೇ, "ಯಾವತ್ತಾದ್ರೂ ಜ್ಞಾನ ತಪ್ಪಿ ಬಿದ್ದದ್ದುಂಟಾ? ಫಿಟ್ಸು?" ಅಂದಿದ್ದರು. "ಇಲ್ಲ." ಅಷ್ಟು ಸಣ್ಣ ಶಬ್ದ. ಆಮೇಲೆ ತಲೆಗೆಲ್ಲ ತಂತಿ ಅಂಟಿಸಿ, ಮುಚ್ಚಿದ ರೆಪ್ಪೆಯ ಮೇಲೆ ದೀಪವನ್ನು ಪಟಪಟ ಮಿನುಗಿಸಿದರು. ಅವನು ಒಳಗೊಳಗೇ ಕಾಯುತ್ತ ಮಲಗಿದ್ದ, ಮಂಚದ ಕೆಳಗೆ ಅಡಗಿದ ಕಳ್ಳ ಪೊಲೀಸರ ಬೂಟಿನ ಸದ್ದಿಗೆ ಕಿವಿಗೊಡುವ ಹಾಗೆ. ಏನೂ ಆಗಲಿಲ್ಲ. ಯಂತ್ರ ಅವನನ್ನು ಶುದ್ಧ ಅಂದಿತು. ಯಂತ್ರವೇ ಅಂದ ಮೇಲೆ ತಾನು ಯಾರು ಬೇರೆ ಹೇಳುವುದಕ್ಕೆ ಎಂದು ಅವನು ಬೊಗೊಟಾದಿಂದ ಬಸ್ಸಿನಲ್ಲಿ ಬೆಟ್ಟ ಇಳಿಯುವಾಗ ತನ್ನೊಡನೆ ವಾದಿಸಿಕೊಂಡಿದ್ದ. ಅವನು ಬಿದ್ದದ್ದು ಒಂದೇ ಸಲ. ಮೀಸೆ ಮೂಡುವ ವಯಸ್ಸಿನಲ್ಲಿ, ಹಿತ್ತಲ ಬಟ್ಟೆ ಒಗೆಯುವ ಸಿಮೆಂಟು ತೊಟ್ಟಿಯ ಹತ್ತಿರ. ನೋಡಿದವಳು ನೂಬಿಯಾ ಒಬ್ಬಳೇ. ಪಕ್ಕದ ಮನೆಯವರು ಓಡಿ ಬರುವಷ್ಟರಲ್ಲಿ ಅವನನ್ನು ಎತ್ತಿ ಕೂರಿಸಿ, ಬಾಯಿ ಒರೆಸಿ, "ಬಿಸಿಲು ಹತ್ತಿದೆ ಹುಡುಗಂಗೆ" ಅಂದಿದ್ದಳು. ಹಾಗಾದರೆ ಮೊದಲ ಸುಳ್ಳು ಅವಳದೇ ಅಲ್ಲವೇ? ಮನಸ್ಸು ತೀರಾ ಕೆಟ್ಟ ದಿನಗಳಲ್ಲಿ ಅವನಿಗೆ ಹೀಗೆ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಆ ನಾಚಿಕೆಯಿಂದ ಒಂದಷ್ಟು ಸಮಾಧಾನವೂ ಸಿಗುತ್ತಿತ್ತು ಎನ್ನುವುದು ಅವನಿಗೇ ಅಸಹ್ಯವಾಗಿ ಕಾಣುತ್ತಿತ್ತು.

ಕಲಿಯುವುದರಲ್ಲಿ ಅವನು ಹಿಂದೆ ಬಿದ್ದವನಲ್ಲ. ಮೋಡ, ಗಾಳಿ, ತೂಕ, ಕಾನೂನು, ಎಲ್ಲದರ ಪರೀಕ್ಷೆಯನ್ನೂ ಒಂದೇ ಏಟಿಗೆ ಮುಗಿಸಿದ್ದ. ಹೇಳಿಕೊಡುತ್ತಿದ್ದವರು ಕ್ಯಾಪ್ಟನ್ ಬಹಾಮೋನ್. ದಪ್ಪ ಕುತ್ತಿಗೆಯ ಮನುಷ್ಯ, ಬಯಲಿನ ಮಣ್ಣಿನ ರನ್‌ವೇಗಳ ಮೇಲೆ ಹಳೇ ವಿಮಾನಗಳನ್ನು ಇಳಿಸಿ ಇಳಿಸಿ ಕಿವಿ ಮಂದವಾಗಿದೆ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಮೇಲೆ ಹಾರುತ್ತಿದ್ದಾಗ ಹೇಳದೆ ಕೇಳದೆ ಕೈ ಚಾಚಿ ಇಂಜಿನ್ ತಗ್ಗಿಸಿ, "ಸತ್ತುಹೋಯ್ತು ಇಂಜಿನ್. ಎಲ್ಲಿ ಇಳಿಸ್ತೀಯ?" ಅನ್ನುವುದು ಅವರ ಅಭ್ಯಾಸ. ಬೇರೆ ಹುಡುಗರು ಗಾಬರಿಯಿಂದ ಕೆಳಗೆ ಹುಡುಕುತ್ತಿದ್ದರು. ಎಲ್ಕಿನ್ ಒಂದು ಹುಲ್ಲುಗಾವಲನ್ನೋ ಭತ್ತದ ಗದ್ದೆಯನ್ನೋ ಆಗಲೇ ಆರಿಸಿಟ್ಟುಕೊಂಡಿರುತ್ತಿದ್ದ. "ನೋಡ್ರೋ ಇವನ್ನ. ಮೇಲೆ ಇದ್ದಷ್ಟು ಹೊತ್ತೂ ಕಣ್ಣು ಕೆಳಗೇ, ಕೋಳಿ ಕಳಕೊಂಡ ಮುದುಕಿ ಹಂಗೆ. ಇಂಥವನು ಬದುಕ್ತಾನೆ" ಎಂದು ಬಹಾಮೋನ್ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೊಗಳಿದಾಗ ಅವನು ತಲೆ ತಗ್ಗಿಸಿ, ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದ. ಅವನು ಹೆದರಿದ್ದು ಇಂಜಿನ್ನಿಗಲ್ಲ. ಇಂಜಿನ್ ಸಾಯುವ ಮುಂಚೆ ಕೆಮ್ಮುತ್ತದೆ, ಮೀಟರಿನ ಮುಳ್ಳಿನಲ್ಲಿ ತೋರಿಸುತ್ತದೆ, ನಡುಗುತ್ತದೆ. ತನ್ನ ತಲೆಯೊಳಗೆ ನೋಡಿಕೊಳ್ಳಲು ಅಂಥ ಮುಳ್ಳು ಯಾವುದೂ ಇರಲಿಲ್ಲ. ಒಂಟಿಯಾಗಿ ಹಾರುವ ಮೊದಲ ಬೆಳಿಗ್ಗೆ, ಪಕ್ಕದ ಖಾಲಿ ಸೀಟು ನೋಡಿ ಬೇರೆಯವರಿಗೆಲ್ಲ ಏನೋ ಖುಷಿಯಾಗುತ್ತದಂತೆ. ಅವನು ಗುವಾತಿಕಿಯಾ ನದಿಯ ಮೇಲೆ ತಿರುಗುವಾಗ ತನ್ನ ಹೆಸರನ್ನೂ ಅಕ್ಕನ ಹೆಸರನ್ನೂ ವಾರದ ದಿನಗಳನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಹೇಳುತ್ತಿರುವವರೆಗೆ ತಾನು ಇದ್ದೇನೆ ಎಂದು ಗೊತ್ತಾಗಲಿ ಎಂದು.

ಕೊನೆಯ ಪರೀಕ್ಷೆಗೆ ಮುಂಚಿನ ಹಾರಾಟದಲ್ಲಿ ಮನೆಯವರೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವುದು ಆ ಶಾಲೆಯಲ್ಲಿ ನಡೆದುಬಂದ ಪದ್ಧತಿ. ಅವನು ಹೇಳದೆ ಇರಬಹುದಿತ್ತು. ಬಹಾಮೋನೇ ಕೇಳಿದರು, "ಹೊಟ್ಟೆ ಬಟ್ಟೆ ಕಟ್ಟಿ ನಿನ್ನ ಓದಿಸಿದೋಳು ಅಕ್ಕ ಅಲ್ವೇನೋ? ಕರಕೊಂಡ್ ಬಾ." ನೂಬಿಯಾ ಹಳದಿ ಅಂಗಿ ಹಾಕಿಕೊಂಡು, ಎಲ್ಲಿ ಕೆಸರಾಗುತ್ತದೋ ಎಂದು ವಿಮಾನದ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಲು ಹೋದಳು. ವಿಮಾನಗಳಿಗೆ ಎಣ್ಣೆ ತುಂಬುವ ಫಾಬಿಯಾನ್, ಯೊಲಿಮಾಳ ಗಂಡ, ನಕ್ಕು, "ಅಕ್ಕಾ, ಇದೇನು ಇಗರ್ಜಿಯಾ?" ಅಂದ. ಅವಳ ಕಿವಿಗೆ ಹೆಡ್‌ಫೋನ್ ಕೂರಿಸುವಾಗ ಎಲ್ಕಿನ್‌ನ ಬೆರಳಿಗೆ ಅವಳ ನರೆಗೂದಲು ಸಿಕ್ಕಿಕೊಂಡಿತು. ಇದರಲ್ಲಿ ಆಡಿದ ಮಾತು ಎಲ್ಲರಿಗೂ ಕೇಳುತ್ತದೆ ಎಂದು ಅವನು ಹೇಳಲಿಲ್ಲ. ಮರೆತದ್ದೋ? ಆಮೇಲೆ ಎಷ್ಟು ಸಲ ತನ್ನನ್ನು ಕೇಳಿಕೊಂಡರೂ ಮರೆತದ್ದು ಅಂತಲೇ ಉತ್ತರ ಬರುತ್ತಿತ್ತು, ಆದರೆ ಆ ಉತ್ತರವನ್ನೂ ಅವನು ನಂಬುತ್ತಿರಲಿಲ್ಲ. ಬೆಟ್ಟದ ಮಗ್ಗುಲು ಬಿಟ್ಟು ಬಯಲಿನ ಮೇಲೆ ಬಂದಾಗ ಬಿಸಿಲಿಗೆ ಕಾದ ಗಾಳಿ ಕೆಳಗಿನಿಂದ ಗುದ್ದತೊಡಗಿತು. ವಿಮಾನ ಕುಲುಕಿತು, ಜಾರಿತು, ಮತ್ತೆ ಕುಲುಕಿತು. ನೂಬಿಯಾ ಅವನ ಸೀಟಿನ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೆದರಿಕೆಗೆ ನಗುವವರ ಹಾಗೆ ನಗುತ್ತ, ತಮ್ಮನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದೇನೆಂದುಕೊಂಡು ಹೇಳಿದಳು, "ಮರೀ, ಅವತ್ತು ತೊಟ್ಟಿ ಹತ್ರ ಬಿದ್ದು ಒದ್ದಾಡಿದ್ಯಲ್ಲ ನೀನು, ಥೇಟು ಹಂಗೇ ಒದ್ದಾಡ್ತಿದೆ ಕಣೋ ಇದು. ಬಾಯಲ್ಲಿ ನೊರೆ ಒಂದು ಬಂದಿಲ್ಲ ಅಷ್ಟೇ." ಆ ಮಾತು ಮೂರೂ ಜನರ ಕಿವಿಯಲ್ಲಿ ಒಂದೇ ಸಮ ಗಟ್ಟಿಯಾಗಿ ಕೇಳಿಸಿತು. ಪಕ್ಕದ ಸೀಟಿನಲ್ಲಿ ಬಹಾಮೋನ್ ಕಿಟಕಿಯ ಆಚೆ ನೋಡುತ್ತಿದ್ದರು. ಅಲ್ಲಿಂದ ಇಳಿಯುವವರೆಗೆ ಅವರು ಒಂದೇ ಮಾತು ಆಡಿದ್ದು, "ಎತ್ತರ ನೋಡ್ಕೋ" ಅಂತ.

ಇಳಿದ ಮೇಲೆ, ರೆಕ್ಕೆಗೆ ಹಗ್ಗ ಕಟ್ಟುತ್ತ ಬಹಾಮೋನ್ ಕೇಳಿದರು, "ನಿಮ್ಮಕ್ಕ ಏನೋ ಅಂದ್ಲಲ್ಲ. ಯಾರು ಬಿದ್ದದ್ದು?" ಫಾಬಿಯಾನ್ ಎಣ್ಣೆಯ ಕೊಳವೆ ಎಳೆದುಕೊಂಡು ಬರುತ್ತಿದ್ದ. ಬಿಸಿಲು ಸಿಮೆಂಟಿನ ಮೇಲಿಂದ ಕಣ್ಣಿಗೆ ಹೊಡೆಯುತ್ತಿತ್ತು. ಎಲ್ಕಿನ್ ಯೋಚಿಸಿದ ಅಂತ ಹೇಳಲಾಗುವುದಿಲ್ಲ. ಬಾಯಿ ಆಗಲೇ ಒಂದು ಗದ್ದೆ ಆರಿಸಿಟ್ಟುಕೊಂಡಿತ್ತು. "ಅದು ಬರೋದು ಅವಳಿಗೇ ಕ್ಯಾಪ್ಟನ್. ತನಗಾದದ್ದನ್ನ ಬೇರೆಯೋರಿಗಾಯ್ತು ಅಂತಾಳೆ. ಅವಳಿಗೆ ಸ್ವಲ್ಪ ಹಂಗೇ" ಅಂದ, ಬೆರಳಿನಿಂದ ಹಣೆಯ ಹತ್ತಿರ ಸಣ್ಣದಾಗಿ ಒಂದು ಸುತ್ತು ಹಾಕಿ ತೋರಿಸಿದ. ಆ ಬೆರಳನ್ನು ಈಗಲೂ ಅವನು ಕೆಲವೊಮ್ಮೆ ನೋಡಿಕೊಳ್ಳುತ್ತಾನೆ. ನೂಬಿಯಾ ಅಷ್ಟರಲ್ಲಿ ಹತ್ತಿರ ಬಂದಿದ್ದಳು, ಮುಖದಲ್ಲಿ ಆಕಾಶ ನೋಡಿಬಂದ ಹೊಳಪು ಇನ್ನೂ ಇತ್ತು. ಬಹಾಮೋನ್ ಅವಳ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, "ಹೌದೇನಮ್ಮಾ, ನಿಮಗೆ ಫಿಟ್ಸು ಬರುತ್ತಾ?" ಎಂದು ಕೇಳಿದರು. ಅವಳು ತಮ್ಮನನ್ನು ನೋಡಿದಳು. ಒಂದು ಗಳಿಗೆಯೂ ಅಲ್ಲ, ಅಷ್ಟರಲ್ಲೇ ಎಲ್ಲವನ್ನೂ ಓದಿಕೊಂಡಳು. ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡು ಮುಖ ಕೆಳಗೆ ಹಾಕಿ ನಿಂತಾಗ ಓದಿಕೊಳ್ಳುತ್ತಿದ್ದಳಲ್ಲ, ಹಾಗೆ. "ಹೂಂ ಕ್ಯಾಪ್ಟನ್. ಚಿಕ್ಕಂದಿನಿಂದ" ಅಂದಳು. ಬಹಾಮೋನ್ ತಲೆಯಾಡಿಸಿದರು. ಫಾಬಿಯಾನ್‌ನ ಕೈಯಲ್ಲಿ ಕೊಳವೆ ಹಾಗೇ ನಿಂತಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು, "ನಮ್ಮ ಓಣಿ ಮೇಲಿಂದ ಕಾಣಿಸ್ತು ಗೊತ್ತಾ? ಹಗ್ಗದ ಮೇಲೆ ನನ್ನ ಬಟ್ಟೆ ಕೂಡ ಕಾಣಿಸ್ತು" ಅಂದಳು. ಅವನನ್ನು ಬೈದಿದ್ದರೆ ಅವನು ಅವಳ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

ಫಾಬಿಯಾನ್ ಕೇಳಿಸಿಕೊಂಡದ್ದು ಓಣಿಗೆಲ್ಲ ಹರಡಿ, ಅವನು ಪರೀಕ್ಷೆ ಪಾಸಾದ ವಾರವೇ ಮಕ್ಕಳು ಬರುವುದು ನಿಲ್ಲತೊಡಗಿತು. ಯಾರೂ ಜಗಳ ಆಡಲಿಲ್ಲ. ಒಬ್ಬಳ ಅತ್ತೆ ಊರಿಂದ ಬಂದಿದ್ದಾಳೆ, ಇನ್ನೊಬ್ಬಳ ಮಗುವಿಗೆ ನೆಗಡಿ. ಓಣಿಯಲ್ಲಿ ಎದುರಾದರೆ ಮುಂಚಿಗಿಂತ ಹೆಚ್ಚು ಪ್ರೀತಿಯಿಂದ, "ಹುಷಾರಾಗಿದೀಯಾ ನೂಬಿಯಾ?" ಎಂದು ಕೇಳುತ್ತಿದ್ದರು, ಕೇಳುವಾಗ ಕಂಕುಳಿನ ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸುತ್ತಿದ್ದರು. ಅಂಗಡಿಯವನು ಅವಳಿಗೆ ಕೂರಲು ಸ್ಟೂಲು ಕೊಟ್ಟ. ಇಗರ್ಜಿಯಲ್ಲಿ ಮೋಂಬತ್ತಿ ಹಚ್ಚುವ ಸರದಿ ಅವಳದಿದ್ದಾಗ ಬೇರೆ ಯಾರೋ ಮೆಲ್ಲಗೆ ಅವಳ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡರು. ಎಲ್ಕಿನ್ ಇದನ್ನೆಲ್ಲ ನೋಡಿದ. ಒಂದು ಮಧ್ಯಾಹ್ನ ತಡೆಯಲಾಗದೆ ಬಹಾಮೋನ್ ಇದ್ದಲ್ಲಿಗೆ ಹೋದ. ಕ್ಯಾಂಟೀನಿನಲ್ಲಿ ಅವರು ಮರಗೆಣಸು, ದನದ ಪಕ್ಕೆಲುಬು ಹಾಕಿದ ಸಾರು ಕುಡಿಯುತ್ತಿದ್ದರು. ಕೂರು ಅಂದರು. ಅವನು ನಿಂತೇ, "ಕ್ಯಾಪ್ಟನ್, ಅವತ್ತು ಅಕ್ಕ ಅಂದದ್ದು" ಎಂದು ಶುರುಮಾಡಿದ.

"ಕೂರು ಅಂದೆ."

ಕೂತ.

"ನನ್ನ ಕಿವಿ ಅಷ್ಟೊಂದು ಕೆಟ್ಟಿದೆ ಅಂದ್ಕೊಂಡ್ಯಾ?" ಬಹಾಮೋನ್ ಎಲುಬನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. "ನಾನು ನಿನ್ನ ಕೇಳಿದ್ದು ನಿಜ ತಿಳ್ಕೊಳ್ಳೋಕಲ್ಲ. ನೀನು ಏನು ಹೇಳ್ತೀಯ ಅಂತ ನೋಡೋಕೆ. ನೀನು ಹೇಳ್ದೆ. ಆ ಹೆಂಗಸೂ ಹೇಳಿದ್ಲು. ನಾನು ನಿನ್ನ ಕಾಗದಕ್ಕೆ ರುಜು ಹಾಕ್ದೆ. ಈಗ ಅದನ್ನ ವಾಪಸ್ ಹೊತ್ಕೊಂಡು ಬಂದು ನನ್ನ ತಟ್ಟೇಲಿ ಸುರೀಬೇಡ."

"ಮತ್ತೆ ಬಂದ್ರೆ?"

"ಎಷ್ಟು ಸಲ ಬಂದಿದೆ?"

"ಒಂದೇ ಸಲ."

"ಬರಲ್ಲ ಬಿಡು. ಬಂದ್ರೆ ಪಕ್ಕದಲ್ಲಿ ಇನ್ನೊಬ್ಬ ಇರ್ತಾನೆ. ಅದಕ್ಕೇ ಇಬ್ಬಿಬ್ಬರನ್ನ ಕೂರಿಸೋದು." ಸಾರಿನ ಕಡೆಗೇ ನೋಡುತ್ತ, "ನೀನು ಈಗ ಹೇಳಿದ್ರೆ ನಿನ್ನ ಲೈಸೆನ್ಸ್ ಹೋಗುತ್ತೆ, ನನ್ನದೂ ಹೋಗುತ್ತೆ. ನಿಮ್ಮಕ್ಕಂಗೆ ಏನು ಸಿಗುತ್ತೆ? ಸುಳ್ಳಿ ಅಂತ ಹೆಸರು ಸಿಗುತ್ತೆ. ಊಟ ಮಾಡಿದ್ಯಾ?" ಅಂದರು. ಎಲ್ಕಿನ್ ಊಟ ಮಾಡಿದ. ಅವರು ಕೊಡಿಸಿದ ಸಾರನ್ನು ತಳ ಕಾಣುವವರೆಗೆ ಕುಡಿದ. ಹಸಿವಾಗಿತ್ತು. ಹೊರಗೆ ಬಂದಾಗ ಅವನಿಗಾದದ್ದು ದುಃಖವಲ್ಲ, ಭಯವೂ ಅಲ್ಲ. ನಿಜ ಹೇಳುವುದಕ್ಕೆ ಹೋಗಿದ್ದೆ, ಆಗಲಿಲ್ಲ ಎನ್ನುವ ಒಂದು ಬಗೆಯ ಬಿಡುವು. ಶಾಲೆಗೆ ಹೋದ ಹುಡುಗನಿಗೆ ಇವತ್ತು ಮೇಷ್ಟರಿಲ್ಲ ಅಂದ ಹಾಗೆ. ಆ ಬಿಡುವೇ ಈಗ ದಿನವಿಡೀ ಅವನ ಎದೆಯಲ್ಲಿ ಕೊಳೆಯುತ್ತಿತ್ತು.

"ಆಯ್ತು" ಎಂದು ನೂಬಿಯಾ ದಾರ ಕಚ್ಚಿ ತುಂಡು ಮಾಡಿದಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಎಡಭುಜದ ಪಟ್ಟಿ ಒಂದು ನೂಲು ಜಾಸ್ತಿ ಎತ್ತರವಾಯಿತು ಅನ್ನಿಸಿ ಮತ್ತೆ ಸೂಜಿ ತೆಗೆದುಕೊಂಡಳು. ಅಷ್ಟರಲ್ಲಿ ಯೊಲಿಮಾ ಬಂದಳು. ಮಾರುಕಟ್ಟೆಯಿಂದ ನೆಟ್ಟಗೆ ಬಂದಿದ್ದಳು, ಕೈಯೆಲ್ಲ ಅನಾನಸಿನ ವಾಸನೆ. ಬಾಗಿಲಲ್ಲೇ ನಿಂತು, "ಅಬ್ಬ, ಕ್ಯಾಪ್ಟನ್ ಸಾಹೇಬ್ರು. ನಮ್ಮನ್ನೆಲ್ಲ ಮಾತಾಡಿಸ್ತೀರೋ ಇಲ್ವೋ ಇನ್ಮೇಲೆ" ಅಂದಳು. ನಕ್ಕಳು. ಆದರೆ ನಗು ಅಲ್ಲೇ ನಿಂತಿತು. ಒಳಗೆ ಬಂದು ಕೂರದೆ, ಮಗಳನ್ನು ಕರೆಯದೆ, ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಎಲ್ಕಿನ್‌ನ ಎದುರೇ ನಿಂತಳು.

"ನಿಮ್ಮನ್ನ ಒಂದು ಮಾತು ಕೇಳ್ಬೇಕು. ನೂಬಿಯಕ್ಕ, ನೀನು ಬೇಜಾರು ಮಾಡ್ಕೋಬೇಡ, ನಿನ್ನ ಎದುರಿಗೇ ಕೇಳ್ತೀನಿ, ಹಿಂದುಗಡೆ ಕೇಳೋದು ನಂಗಾಗಲ್ಲ. ಫಾಬಿಯಾನ್ ಕುಣೀತಿದಾನೆ. ನಾಳೆಯಿಂದ ಮಗೂನ ಇಲ್ಲಿ ಬಿಟ್ರೆ ನೋಡು ಅಂತ. ನಾನಂದೆ, ದೊಡ್ಡ ಮಗನೂ ಇವಳ ಕೈಲೇ ಬೆಳೆದ, ಇವಳ ಕೈಯಿಂದ ಒಂದು ಲೋಟ ಜಾರಿದ್ದು ನೋಡಿಲ್ಲ ನಾನು ಅಂತ. ಅವನು ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾನೆ. ನೀವು ಓದಿದೋರು, ಡಾಕ್ಟರ ಪರೀಕ್ಷೆಯೆಲ್ಲ ಪಾಸು ಮಾಡಿದೋರು. ಹೇಳಿ ಎಲ್ಕಿನ್. ಅಕ್ಕಂಗೆ ನಿಜವಾಗ್ಲೂ ಅದಿದೆಯಾ?"

ಭುಜದ ಮೇಲೆ ಸೂಜಿ ನಿಂತಿತು. ಇಷ್ಟು ಸುಲಭವಾಗಿ, ಇಷ್ಟು ಹತ್ತಿರ, ಇಷ್ಟು ಚಿಕ್ಕ ಮನೆಯೊಳಗೆ ಅದು ಬಂದು ನಿಲ್ಲುತ್ತದೆಂದು ಅವನು ಎಣಿಸಿರಲಿಲ್ಲ. ಬೊಗೊಟಾದಲ್ಲಿ ಅಂದ ಅದೇ ಶಬ್ದ ಸಾಕಿತ್ತು. ಇಲ್ಲ. ಅಷ್ಟೇ ಅಂದರೆ ದಾನ್ನಾ ನಾಳೆಯೂ ಮೇಜಿನ ಕೆಳಗೆ ಇರುತ್ತಾಳೆ, ನಾಡಿದ್ದು ಇನ್ನೊಂದು ಮಗು ಬರುತ್ತದೆ. ಆದರೆ ಯೊಲಿಮಾ ಅದನ್ನು ಫಾಬಿಯಾನ್‌ಗೆ ಹೇಳುತ್ತಾಳೆ. ಅಕ್ಕನಿಗಿಲ್ಲ ಅಂದ ಮೇಲೆ ಹಾಗಾದರೆ ಬಿದ್ದದ್ದು ಯಾರು ಎಂದು ಫಾಬಿಯಾನ್ ಎಣ್ಣೆಯ ಕೊಳವೆ ಹಿಡಿದು ನಿಂತಲ್ಲೇ ಯೋಚಿಸುತ್ತಾನೆ. ಯೋಚಿಸಲು ಅವನಿಗೆ ಹೊತ್ತು ಬೇಕಾದಷ್ಟಿದೆ. ಎಲ್ಕಿನ್‌ಗೆ ಯೊಲಿಮಾಳ ಉಗುರಿನ ಸಂದಿಯ ಹಣ್ಣಿನ ನಾರು ಕಂಡಿತು. ಕನ್ನಡಿಯಲ್ಲಿ ಬಿಳಿ ಅಂಗಿ ಕಂಡಿತು. ಈ ಸಲ ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಯಾರೂ ಅವಸರ ಮಾಡುತ್ತಿರಲಿಲ್ಲ. ಯೋಚಿಸುವುದಕ್ಕೆ ಸಮಯವಿತ್ತು. ಅವನು ಯೋಚಿಸಿದ. ಆಮೇಲೆ ಮೆತ್ತಗಿನ ದನಿಯಲ್ಲಿ, ಒಳ್ಳೆಯ ಸುದ್ದಿ ಹೇಳುವವನ ಹಾಗೆ, "ಈಗ ಔಷಧಿ ತಗೊಳ್ತಿದಾಳೆ ಯೊಲಿಮಾ. ಮುಂಚೆಗಿಂತ ಎಷ್ಟೋ ವಾಸಿ" ಅಂದ.

ಯೊಲಿಮಾ ಇನ್ನೂ ಏನೋ ಬರುತ್ತದೆಂದು ಕಾಯುವವಳ ಹಾಗೆ ನಿಂತಿದ್ದಳು. "ಹಂಗಾದ್ರೆ ಇದೆ" ಅಂದಳು ಕೊನೆಗೆ.

"ಇದೆ ಕಣೇ" ಅಂದವಳು ನೂಬಿಯಾ.

ಅವಳು ಮೇಜಿನ ಕೆಳಗೆ ಬಗ್ಗಿ ದಾನ್ನಾಳನ್ನು ಎತ್ತಿಕೊಂಡಳು. ಎತ್ತಿದ ಆ ಗಳಿಗೆಯಲ್ಲಿ ಯೊಲಿಮಾಳ ಎರಡೂ ಕೈ ತಾವಾಗಿಯೇ ಮುಂದೆ ಬಂದು ಮಗುವಿನ ಕೆಳಗೆ, ಗಾಳಿಯಲ್ಲಿ, ಬೊಗಸೆಯ ಹಾಗೆ ನಿಂತವು. ಯೊಲಿಮಾಗೇ ಅದು ಗೊತ್ತಾಗಿ ಮುಖ ಕೆಂಪಾಯಿತು. ಕೈ ಹಿಂದೆ ತೆಗೆದುಕೊಳ್ಳಲು ಹೋದಳು, ಆದರೆ ಪೂರ್ತಿ ತೆಗೆಯಲಾಗಲಿಲ್ಲ. ನೂಬಿಯಾ ಆ ಕೈಗಳನ್ನು ನೋಡಿದಳು. ಮಗುವನ್ನು ಮೆಲ್ಲಗೆ ನೆಲಕ್ಕೆ ಇಳಿಸಿ, ಬೂಟಿನ ದಾರ ಕಟ್ಟಿ, "ಹೋಗು ಪುಟ್ಟಾ, ಅಮ್ಮನ ಹತ್ರ ನಡೀ" ಅಂದಳು. ದಾನ್ನಾ ನಡೆದುಹೋದಳು. ಓಣಿಯ ತಿರುವಿನವರೆಗೂ ಅವಳು ತನ್ನ ಮುಚ್ಚಳ ಬೇಕೆಂದು ಅಳುತ್ತಿದ್ದದ್ದು ಕೇಳುತ್ತಿತ್ತು.

ಎಲ್ಕಿನ್ ಅಂಗಿ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಕ್ಷಮಿಸು ಅನ್ನಬೇಕೆಂದು ಬಾಯಿ ತೆರೆದ, ಆ ಶಬ್ದ ಅವನಿಗೇ ಭಿಕ್ಷೆ ಕೇಳಿದ ಹಾಗೆ ಕೇಳಿಸಿ ಮುಚ್ಚಿಕೊಂಡ. ನೂಬಿಯಾ ಬೆಲ್ಲದ ನೀರು ಬಿಸಿ ಮಾಡಿ ಅವನಿಗೊಂದು ಲೋಟ, ತನಗೊಂದು ಲೋಟ ತಂದು ಎದುರು ಕೂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಂತೆಗೆ ಹೋಗುವ ಮುಂಚೆ ಏನೇನು ತರಬೇಕೆಂದು ಲೆಕ್ಕ ಹಾಕುವವರ ಮುಖ ಅದು.

"ನಾಳೆ ಹಾಲಿನ ಪುಡಿ ಕೊಡೋ ಆಫೀಸಿಂದ ಬರ್ತಾರಂತೆ, ನನ್ನ ಕಾಯಿಲೆ ವಿಚಾರಣೆಗೆ. ಒಬ್ಬ ನರ್ಸೂ ಇರ್ತಾಳಂತೆ. ಹೆಂಗಿರುತ್ತೆ ಅದು?"

"ಯಾವುದು?"

"ಅದೇ. ಬರೋ ಮುಂಚೆ ಏನಾಗುತ್ತೆ, ಬಂದಾಗ ಏನಾಗುತ್ತೆ. ಕೇಳ್ತಾರಲ್ಲ. ನಾನು ಹೊರಗಿಂದ ನೋಡಿದ್ದು ಅಷ್ಟೇ. ಒಳಗಿಂದು ನಂಗೇನು ಗೊತ್ತು? ಏನೋ ಒಂದು ಹೇಳಿ ತಪ್ಪಾದ್ರೆ ನಿನ್ನ ಕುತ್ತಿಗೆಗೆ ಬರುತ್ತೆ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಯಾರೂ ಈವರೆಗೆ ಅವನನ್ನು ಇದನ್ನು ಕೇಳಿರಲಿಲ್ಲ. ಡಾಕ್ಟರು ಉಂಟೋ ಇಲ್ಲವೋ ಎಂದು ಕೇಳಿದ್ದರು, ಬಹಾಮೋನ್ ಎಷ್ಟು ಸಲ ಎಂದು ಕೇಳಿದ್ದರು. ಹೇಗಿತ್ತು ಎಂದು ಯಾರೂ ಕೇಳಿರಲಿಲ್ಲ.

"ಮೊದಲು ವಾಸನೆ" ಅಂದ. "ತುಕ್ಕು ಹಿಡಿದ ಕಬ್ಬಿಣಕ್ಕೆ ನೀರು ಬಿದ್ರೆ ಬರುತ್ತಲ್ಲ, ಹಂಗೆ. ಆಮೇಲೆ ಸದ್ದು ದೂರ ಹೋಗುತ್ತೆ. ನೀನು ಬಟ್ಟೆ ಕುಕ್ಕುತಾ ಇದ್ದೆ. ಕೈ ಮೇಲೆ ಹೋಗೋದು ಕಾಣ್ತಿತ್ತು, ಕೆಳಗೆ ಬರೋದು ಕಾಣ್ತಿತ್ತು, ಸದ್ದೇ ಇಲ್ಲ. ಆಮೇಲೆ ಒಂಥರಾ ಸಂತೋಷ."

"ಸಂತೋಷನಾ?"

"ಹೂಂ. ಯಾರೋ ನನ್ನೇ ಹುಡುಕ್ಕೊಂಡು ಬಂದು ಹೆಸರು ಹಿಡಿದು ಕರೀತಿದಾರೆ ಅನ್ನೋ ಹಂಗೆ. ಓ ಅನ್ಬೇಕು, ಅಷ್ಟರಲ್ಲಿ ಏನೂ ಇಲ್ಲ. ಎದ್ದಾಗ ನಿನ್ನ ಮುಖ ಇತ್ತು. ನೀನು ಯಾರು ಅಂತ ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ."

ಅವಳು ಲೋಟದ ಅಂಚನ್ನು ಬೆರಳಿನಿಂದ ಒರೆಸಿದಳು. "ಸಂತೋಷ ಅಂದ್ರೆ ನಂಬ್ತಾರಾ?"

"ನಿಜ ಅದು."

"ಸರಿ ಹಂಗಾದ್ರೆ." ಅವಳು ಕಣ್ಣು ಮುಚ್ಚಿಕೊಂಡಳು, ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. "ಮೊದಲು ಸದ್ದು ದೂರ ಹೋಗುತ್ತೆ. ಆಮೇಲೆ ಕಬ್ಬಿಣದ ವಾಸನೆ. ಆಮೇಲೆ ಸಂತೋಷ..."

"ಅಲ್ಲ" ಅಂದ ಎಲ್ಕಿನ್. "ವಾಸನೆ ಮೊದಲು."

ಎರಡನೆಯ ಸಲ ಅವಳು ತಪ್ಪಿಲ್ಲದೆ ಹೇಳಿದಳು.